ಹದಿನಾಲ್ಕನೆಯ ಚೌಕ

ಕಾನ್ಸಾಸಿನ ಗಾಳಿ ಜರಡಿ ಹಿಡಿಯಲು ಬಿಡುವುದಿಲ್ಲ.
ಒಂದು ಕೈಯಲ್ಲಿ ಟೋಪಿ, ಒಂದು ಕೈಯಲ್ಲಿ ಜರಡಿ,
ಬಾಯಿ ತುಂಬ ನೂರೈವತ್ತು ವರ್ಷದ ಮಣ್ಣು.

ಫೋರ್ಟ್ ಟಾಲ್‌ಮೇಜ್. ಕೋಟೆ ಎಂದರೆ ಕೋಟೆಯಲ್ಲ,
ಬುರುಜಿಲ್ಲ, ಕಂದಕವಿಲ್ಲ, ದಿಡ್ಡಿಬಾಗಿಲಿಲ್ಲ;
ಕವಾಯತಿನ ಒಂದು ಬಯಲು, ಸುತ್ತ ಸುಣ್ಣಕಲ್ಲಿನ ಮನೆಗಳು.
ಪ್ರವಾಸಿಗಳು ಫಿರಂಗಿಯ ಪಕ್ಕ ನಿಂತು
ಫೋಟೋ ತೆಗೆಸಿಕೊಂಡು ಹಾಗೇ ಹೊರಟುಬಿಡುತ್ತಾರೆ.
ನಾವು ಅಗೆಯುತ್ತಿರುವುದು ಕೆಳಗೆ, ಇಳಿಜಾರಿನಲ್ಲಿ,
ಕುದುರೆಲಾಯಕ್ಕಿಂತ ಆಚೆ, ಹೊಳೆಯ ಹತ್ತಿರ:
ಬಟ್ಟೆ ಒಗೆಯುವವರ ಸಾಲು.
ಯಾವ ಊರಲ್ಲೂ ಅದು ಅಲ್ಲೇ ಇರುತ್ತದೆ,
ನಕಾಶೆ ನೋಡದೆಯೇ ತೋರಿಸಬಲ್ಲೆ.

ಡಾಕ್ಟರ್ ಸ್ಟೆಂಗಲ್ ದಾರ ಕಟ್ಟಿ ಚೌಕ ಮಾಡಿದ್ದಾಳೆ.
ಗುದ್ದಲಿ ಮುಟ್ಟುವಂತಿಲ್ಲ. ಕರಣೆ, ಆಮೇಲೆ ಕುಂಚ.
ಬೆರಳಗಲ ಮಣ್ಣಿಗೆ ಒಂದು ಇಡೀ ಬೆಳಗು.
ಮೊದಲು ಬಂದವು ಗುಂಡಿಗಳು:
ಹದ್ದಿನ ಮುದ್ರೆಯ ಹಿತ್ತಾಳೆಯವು ಮೂರು,
ನಾಲ್ಕು ತೂತಿನ ಬಿಳಿಯವು ಅರುವತ್ತೇಳು.
ಹಲಗೆಗೆ ಹಾಕಿ ತಿಕ್ಕಿದರೆ ಗುಂಡಿ ಹಾರುತ್ತದೆ,
ಎಲ್ಲಿ ಹೋಯಿತೆಂದು ಸಿಪಾಯಿ ಜಗಳಕ್ಕೆ ಬಂದಿರಬೇಕು.

ಆಮೇಲೆ ಕೋಳಿಮೂಳೆ, ಪೀಚ್ ಹಣ್ಣಿನ ಓಟೆ,
ಸಿಂಪಿಯ ತಗಡು ಡಬ್ಬಿ (ಸಮುದ್ರ ಸಾವಿರ ಮೈಲಿ ದೂರ),
ಗೊಂಬೆಯ ಪಿಂಗಾಣಿ ಕೈ ಒಂದು, ಉಗುರಿನಷ್ಟು,
ಮತ್ತೆ ಮಣ್ಣಿನಲ್ಲೇ ಒಂದು ನೀಲಿ ಕಲೆ.
ಖನಿಜವೇ? ಎಂದಳು ಕಾಲೇಜಿನ ಹುಡುಗಿ.
ನೀಲಿ, ಎಂದೆ. ಬಟ್ಟೆಗೆ ಹಾಕುವ ನೀಲಿ. ಬಕೆಟ್ಟು ಮಗುಚಿದೆ ಇಲ್ಲಿ.
ಮಗುಚಿದವಳು ಬಾಯಿಗೆ ಬಂದದ್ದು ಬೈದಿದ್ದಾಳೆ.
ಸಲೈನಾ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಇದ್ದೆ,
ಇಷ್ಟಾದರೂ ತಿಳಿಯದೆ?

ಲೆಕ್ಕದ ಪುಸ್ತಕದಲ್ಲಿ ಅವಳದು ಒಂದೇ ಸಾಲು:
ಹನೋರಾ ಟಿಯರ್ನಿ, ಹತ್ತೊಂಬತ್ತು ಮಂದಿಯ ಬಟ್ಟೆ,
ಸೋಪಿನ ಬಾಕಿ ನಲವತ್ತು ಸೆಂಟು.
ಕ್ಯಾಪ್ಟನ್ ವಿಟ್‌ಕೂಂಬನ ಕುದುರೆಗೆ
ಅದೇ ಪುಸ್ತಕದಲ್ಲಿ ಒಂದೂವರೆ ಪುಟ:
ಬಣ್ಣ, ಸುಳಿ, ಲಾಳ, ಕೆಮ್ಮು.

ಮಧ್ಯಾಹ್ನ ನನ್ನ ಕೆಲಸ ತೊಳೆಯುವುದು.
ಶೆಡ್ಡಿನಲ್ಲಿ ಬೋಗುಣಿ, ಉಗುರುಬೆಚ್ಚಗಿನ ನೀರು, ಹಲ್ಲಿನ ಬ್ರಷ್ಷು.
ಎಲ್ಲರದೂ ಒಗೆದುಕೊಟ್ಟವಳ ತಟ್ಟೆಯನ್ನು
ಇಷ್ಟು ವರ್ಷಕ್ಕೆ ಯಾರೋ ಒಬ್ಬರು ತೊಳೆಯುತ್ತಿದ್ದಾರೆ.
ನನ್ನಮ್ಮ ಇದ್ದಿದ್ದರೆ ನಗುತ್ತಿದ್ದಳು.
ಹನ್ನೆರಡು ಮನೆಯ ಮೈಲಿಗೆ ಹೊತ್ತು ತಂದು, ಉಬ್ಬೆಗೆ ಹಾಕಿ,
ಮಡಿ ಮಾಡಿ ಕೊಟ್ಟು, ಹೊಸಿಲಾಚೆಯೇ ನಿಂತವಳು.
ಅಕ್ಷರ ಬಾರದು; ಕೇರುಬೀಜದ ಕರಿಯಲ್ಲಿ ಮನೆಗೊಂದು ಗುರುತು:
ಶಾನುಭೋಗರಿಗೆ ಎರಡು ಚುಕ್ಕೆ, ಪಟೇಲರಿಗೆ ಕೊಕ್ಕೆ,
ಮೇಷ್ಟರಿಗೆ ಒಂದು ಅಡ್ಡಗೆರೆ.
ಒಂದು ಪಂಚೆ ಅದಲುಬದಲಾದದ್ದು ನಾ ಕಾಣೆ.

ತಟ್ಟೆಯ ಹಿಂಬದಿ ತಿಕ್ಕುತ್ತಿದ್ದೆ.
ಮೂರು ಗೀರು, ಮೇಲೊಂದು ಅಡ್ಡಗೀರು,
ಮೊಳೆಯಲ್ಲಿ ಕೆರೆದ ಹಾಗೆ.
ಡಾಕ್ಟರ್ ಭೂತಗನ್ನಡಿ ಹಿಡಿದಳು. ಲೆಕ್ಕ ಇರಬಹುದು,
ತನ್ನದೆಂಬ ಗುರುತಿರಬಹುದು, ನೇಗಿಲು ತಾಗಿದ್ದೂ ಇರಬಹುದು.
ಮೂರನ್ನೂ ಬರೆದುಕೊಂಡಳು, ಪ್ರಾಮಾಣಿಕ ಹೆಂಗಸು.
ನಿನಗೇನನಿಸುತ್ತದೆ, ಎಂದಳು.

ಗೊತ್ತು ಅನ್ನಲು ನಾಲಗೆ ತುದಿಗೆ ಬಂದಿತ್ತು.
ಗೊತ್ತಿಲ್ಲ ಎಂದೆ.
ಹನೋರಾ ನನ್ನಮ್ಮನಲ್ಲ. ಬೇರೆ ಹೊಳೆ, ಬೇರೆ ದೇವರು.
ಈ ನೆಲದಲ್ಲಿ ಅವಳಿಗಿಂತ ಮುಂಚೆ ಒಲೆ ಹೂಡಿದ್ದವರು ಇದ್ದರು;
ಅವರನ್ನು ಅಟ್ಟಿ ಬಂದವರ ಅಂಗಿ ಒಗೆದಳು ಇವಳು.
ಆ ಕಲೆಗೆ ಎಷ್ಟು ನೀಲಿ ಹಾಕಿದಳೋ.

ಬೋಗುಣಿಯ ನೀರು ಚೆಲ್ಲುವ ಮುಂಚೆ
ತಳಕ್ಕೆ ಕೈಯಾಡಿಸಿ ನೋಡಬೇಕು, ಇಲ್ಲಿಯ ನಿಯಮ.
ಅಮ್ಮನೂ ಜೇಬು ಮುಟ್ಟಿ ನೋಡದೆ ನೆನೆಹಾಕುತ್ತಿರಲಿಲ್ಲ.
ಸಿಕ್ಕಿತು ಒಂದು ಸೂಜಿ, ಕಣ್ಣು ಮುರಿದದ್ದು.
ಚೀಟಿ ಬರೆದೆ: ಚೌಕ ಹದಿನಾಲ್ಕು, ಆಳ ಎರಡು ಗೇಣು.
ಗೇಣು ಹೊಡೆದುಹಾಕಿ, ಮತ್ತೆ ಬರೆದೆ,
ನಲವತ್ತೆರಡು ಸೆಂಟಿಮೀಟರು.